ಬ್ಯಾಡಗಿಗೊಂದು ಕೊಲಂಬಸ್ ಸರ್ಕಲ್

ಹಾವೇರಿ ಜಿಲ್ಲೆಯಲ್ಲಿ ಮಹಾಪುರುಷರಿಗೆ ಬರವಿಲ್ಲ, ಬರ ಇರುವುದು ಸರ್ಕಲ್‌ಗಳಿಗೆ. ಇದ್ದ ಸರ್ಕಲ್‌ಗಳೆಲ್ಲ ಭರ್ತಿಯಾಗಿ, ಉಳಿದವರು ಪಾಳಿ ಹಚ್ಚಿ ನಿಂತಿರುವಾಗ ಇನ್ನೊಂದು ಅರ್ಜಿ ಕೊಡುವುದು ಅಧಿಕಪ್ರಸಂಗವೇ. ಆದರೂ ಕೊಡುತ್ತಿದ್ದೇನೆ: ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಎದುರು ಕ್ರಿಸ್ಟೋಫರ್ ಕೊಲಂಬಸ್‌ನದೊಂದು ಪುತ್ಥಳಿ ನಿಲ್ಲಬೇಕು. ಕಂಚಿನದೇ ಆಗಬೇಕೆಂದಿಲ್ಲ, ಸಿಮೆಂಟಿನದಕ್ಕೆ ಬಂಗಾರದ ಬಣ್ಣ ಬಳಿದರೂ ನಡೆದೀತು. ಬದುಕಿದ್ದಾಗಲೂ ಆತ ಬಂಗಾರಕ್ಕಿಂತ ಬಂಗಾರದ ಮಾತಿನಲ್ಲೇ ಹೆಚ್ಚು ಕಾಲ ಹಾಕಿದವನು.

ಅರ್ಜಿಯ ಸುದ್ದಿ ಕಿವಿಗೆ ಬಿದ್ದ ಕೂಡಲೇ ದಲಾಲಿ ಅಂಗಡಿಯ ಗಾದಿಯಿಂದ ಬರುವ ಮೊದಲ ಪ್ರಶ್ನೆ ಯಾವುದೆಂದು ಯಾರಾದರೂ ಊಹಿಸಬಹುದು.

“ಮಾಸ್ತರ, ಅಂವ ಯಾ ಮಂದಿ?”

“ನೇಕಾರರ ಮನಿತನದಂವರಿ ಸಾವ್ಕಾರ್ರ. ಅವರಪ್ಪ ಇಟಲಿಯ ಜಿನೋವಾದಾಗ ಉಣ್ಣಿ ಬಟ್ಟಿ ನೇಯತಿದ್ದ.”

“ಹಂಗಾರ ಆ ಸಮಾಜದವರು ರೊಕ್ಕಾ ಹಾಕ್ತಾರೇನ ಮೊದ್ಲ ಕೇಳ್ರಿ.”

ಕೇಳಬಹುದು. ಆದರೆ ಉಣ್ಣೆ ಎಂದ ಮೇಲೆ ಅದು ಕಂಬಳಿಯವರ ಪಾಲೋ ಸೀರೆಯವರ ಪಾಲೋ ಎಂಬ ತಗಾದೆ ಎದ್ದು, ಪುತ್ಥಳಿಗೆ ಮುಂಚೆ ಎರಡು ಸಮಿತಿಗಳು ಹುಟ್ಟುತ್ತವೆ. ಇರಲಿ. ಅಭ್ಯರ್ಥಿಯ ಅರ್ಹತೆ ನೋಡೋಣ. ಈತ 1492ರಲ್ಲಿ ಕರಿಮೆಣಸು ಹುಡುಕಿಕೊಂಡು ಭಾರತಕ್ಕೆಂದು ಹೊರಟ. ಸಿಕ್ಕಿದ್ದು ಕೆರಿಬಿಯನ್ ದ್ವೀಪಗಳು. ಅಲ್ಲಿಯವರು ಉಣ್ಣುತ್ತಿದ್ದ ಖಾರದ ಕಾಯನ್ನು ಕಂಡು ಇದೂ ಒಂದು ಮೆಣಸೇ ಎಂದ, ಉಣ್ಣುತ್ತಿದ್ದವರನ್ನು ಇಂಡಿಯನ್ನರೇ ಎಂದ. 1506ರಲ್ಲಿ ಸಾಯುವ ತನಕ ತಾನು ಮುಟ್ಟಿದ್ದು ಏಷ್ಯಾವನ್ನೇ ಎಂದು ಹಟ ಹಿಡಿದ. ದಾರಿ ತಪ್ಪಿದವನು, ತಪ್ಪಿದ್ದನ್ನು ಕೊನೆಯ ತನಕ ಒಪ್ಪದವನು, ತಪ್ಪಿದ ದಾರಿಯ ಖರ್ಚನ್ನು ರಾಣಿಯ ಬೊಕ್ಕಸಕ್ಕೆ ಹಚ್ಚಿದವನು. ಪುತ್ಥಳಿಗೆ ಇನ್ನೇನು ಬೇಕು? ಇದಕ್ಕಿಂತ ಕಡಿಮೆ ಅರ್ಹತೆಯಲ್ಲಿ ಟಿಕೆಟ್ಟೇ ಸಿಗುತ್ತದೆ.

ಆತ ಬ್ಯಾಡಗಿಗೆ ಬರಲಿಲ್ಲ ಎಂಬುದೊಂದು ಆಕ್ಷೇಪ. ಬರದಿದ್ದರೂ ಕಾಯಿ ಬಂತು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿದ, 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಬಿಜಾಪುರದ ಕೈಯಿಂದ ಕಿತ್ತುಕೊಂಡ. ಗೋವೆ ಈಗ ಹಿಡಿದರೆ ಸುಲಭ ಎಂದು ಆಲ್ಬುಕರ್ಕನ ಕಿವಿಯಲ್ಲಿ ಊದಿದವನು ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಕಡತದಲ್ಲಿ ತಿಮೋಜ. ಆದ್ದರಿಂದ ಸಾಮ್ರಾಜ್ಯಶಾಹಿ ನಮ್ಮ ಮೇಲೆ ಆಕಾಶದಿಂದ ಬಿತ್ತು ಎಂದು ಯಾರಾದರೂ ಭಾಷಣ ಬಿಗಿದರೆ ನಂಬಬೇಡಿ. ದಾರಿ ತೋರಿಸಲು ನಮ್ಮವರೇ ಬಂದರಿನಲ್ಲಿ ಕಾದಿದ್ದರು. ಘಟ್ಟದ ಕೆಳಗೆ ಗೇರುಸೊಪ್ಪೆಯ ಚೆನ್ನಭೈರಾದೇವಿ ಅದೇ ಪೋರ್ಚುಗೀಸರಿಗೆ ಕರಿಮೆಣಸು ಮಾರಿ, ಅವರಿಂದಲೇ ಮೆಣಸಿನ ರಾಣಿ ಎನಿಸಿಕೊಂಡಳು. ಹೋಗುವ ಹಡಗಿನಲ್ಲಿ ಕರಿ ಮೆಣಸು, ಬರುವ ಹಡಗಿನಲ್ಲಿ ಕೆಂಪು ಮೆಣಸಿನಕಾಯಿ. ಈ ಲೇವಾದೇವಿಯಲ್ಲಿ ಯಾರಿಗೆ ಲಾಭವಾಯಿತು ಎಂದು ಕೇಳಿದರೆ ಇತಿಹಾಸದ ಪ್ರಾಧ್ಯಾಪಕರು ಒಂದು ವಿಚಾರಸಂಕಿರಣ ನಡೆಸುತ್ತಾರೆ. ಲಿಸ್ಬನ್ನಿನ ಅರಮನೆ ನೋಡಿದವರಿಗೆ ಸಂಕಿರಣ ಬೇಕಾಗುವುದಿಲ್ಲ.

ಈಗ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿಯಿಂದ ರಾಣೇಬೆನ್ನೂರಿನ ತನಕ ಬನ್ನಿ. ಖಾನಾವಳಿಗಳ ಮೇಲೆ ‘ಶುದ್ಧ ಜವಾರಿ ಊಟ’ ಎಂಬ ಬೋರ್ಡು. ಒಳಗೆ ತಾಟಿನಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ, ಬಟಾಟಿ ಪಲ್ಯ, ಟೊಮೆಟೊ ಸಾರು. ನಾಲ್ಕೂ ಅಮೆರಿಕ ಖಂಡದವು, ನಾಲ್ಕಕ್ಕೂ ಹಡಗಿನ ಹುಟ್ಟಿನ ದಾಖಲೆ. ಪರದೇಶಿ ಪದಾರ್ಥ ಹಚ್ಚಬಾರದು ಎಂದು ಶಪಥ ಮಾಡಿದ ಒಬ್ಬ ಅಪ್ಪಟ ಸ್ವದೇಶಿ ಇಲ್ಲಿ ಊಟಕ್ಕೆ ಕೂತ ಎನ್ನಿ. ಎಣ್ಣೆಗಾಯಿಯಿಂದ ಶೇಂಗಾ ಪುಡಿಯನ್ನೂ ಖಾರವನ್ನೂ ತೆಗೆದರೆ ಅವನ ಪಾಲಿಗೆ ಉಳಿಯುವುದು ಬೆಂದ ಬದನೆಕಾಯಿ ಮತ್ತು ದೇಶಭಕ್ತಿ. ರೊಟ್ಟಿಯಾದರೂ ನಮ್ಮದು ಎಂದು ಹಿಡಿದುಕೊಂಡರೆ, ಬಿಳಿಜೋಳವೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು. ಅದನ್ನು ಅವನಿಗೆ ಹೇಳಬೇಡಿ, ಉಪವಾಸ ಬಿದ್ದಾನು.

ಕನಕದಾಸರು ನಮ್ಮ ಜಿಲ್ಲೆಯವರೇ, ಬಾಡದಲ್ಲಿ ಹುಟ್ಟಿ ಕಾಗಿನೆಲೆಯಲ್ಲಿ ನೆಲೆ ನಿಂತವರು. ‘ರಾಮಧಾನ್ಯ ಚರಿತೆ’ಯಲ್ಲಿ ಅವರು ಭತ್ತಕ್ಕೂ ರಾಗಿಗೂ ರಾಮನ ಸಭೆಯಲ್ಲಿ ಜಗಳ ಹಚ್ಚಿ, ಮೇಲುಕೀಳಿನ ಲೆಕ್ಕವನ್ನು ತಲೆಕೆಳಗು ಮಾಡಿದರು. ಆ ಸಭೆಯಲ್ಲಿ ಗೋವಿನಜೋಳಕ್ಕೆ ಕುರ್ಚಿ ಇರಲಿಲ್ಲ, ಅದಿನ್ನೂ ಹಡಗು ಇಳಿದು ಮೈ ಒರೆಸಿಕೊಳ್ಳುತ್ತಿತ್ತು. ಇವತ್ತು ಮುಂಗಾರಿನಲ್ಲಿ ಹಾವೇರಿ ಜಿಲ್ಲೆಯ ಹೊಲಗಳನ್ನು ನೋಡಿ: ಕಣ್ಣು ಹಾಯುವಷ್ಟೂ ಗೋವಿನಜೋಳ. ರಾಗಿ ಗೆದ್ದ ಕಾವ್ಯ ಬರೆದವನ ಊರಿನಲ್ಲಿ ರಾಗಿಯೂ ಇಲ್ಲ, ಭತ್ತವೂ ಮೂಲೆಗೆ. ಮೆಕ್ಸಿಕೋದ ಕಾಳು ಕೋಳಿಯ ಮೇವಿಗೆ, ಪಿಷ್ಟದ ಕಾರ್ಖಾನೆಗೆ, ಇತ್ತೀಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ಹೋಗುತ್ತದೆ. ಮನುಷ್ಯರು ಉಣ್ಣುವ ಕಾಳು ಪಡಿತರ ಅಂಗಡಿಯಿಂದ ಬರುತ್ತದೆ.

ಮೆಣಸಿನಕಾಯಿಯ ಮಾತಿಗೆ ಮರಳೋಣ, ಅದರ ನಿವಾಸಿ ಪ್ರಮಾಣಪತ್ರದ ಕತೆ ಸ್ವಾರಸ್ಯವಾಗಿದೆ. ನಾಲ್ಕುನೂರು ವರ್ಷಕ್ಕೂ ಮಿಕ್ಕಿ ಇಲ್ಲೇ ಇದ್ದರೂ ಬ್ಯಾಡಗಿ ಮೆಣಸಿನಕಾಯಿಗೆ ಅಧಿಕೃತವಾಗಿ ‘ಇದು ಈ ಊರಿನದು’ ಎಂಬ ಚೀಟಿ ಸಿಕ್ಕಿದ್ದು 2011ರಲ್ಲಿ, ಭೌಗೋಳಿಕ ಸೂಚ್ಯಂಕದ ರೂಪದಲ್ಲಿ. ಚೀಟಿ ಸಿಗುವ ಹೊತ್ತಿಗೆ ಬ್ಯಾಡಗಿ ತಾಲ್ಲೂಕಿನ ಹೊಲಗಳಿಂದ ಮೆಣಸಿನಕಾಯಿ ಕಾಲು ಕಿತ್ತಿತ್ತು. ಈಗ ಬ್ಯಾಡಗಿ ಮಾರುಕಟ್ಟೆಗೆ ಬಂದು ಬೀಳುವ ಚೀಲಗಳಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕರ್ನೂಲು ಕಡೆಯವು. ಮುದುಡಿದ ಮೈಯ, ಖಾರ ಕಡಿಮೆ ಬಣ್ಣ ಹೆಚ್ಚು ಇರುವ ನಿಜವಾದ ಡಬ್ಬಿ ಮೆಣಸಿನಕಾಯಿ ಬೇಕೆಂದರೆ ಗುರುತಿನವರ ಹೊಲಕ್ಕೇ ಹೋಗಬೇಕು. ಉಳಿದದ್ದೆಲ್ಲ 5531, 2043 ಎಂಬ ನಂಬರಿನ ಹೈಬ್ರಿಡ್. ಕಾಯಿಗೆ ಹೆಸರು ಹೋಗಿ ಕೈದಿಯ ಹಾಗೆ ನಂಬರು ಬಂದಿದೆ. 5531ರ ಬೀಜ ಸಿಂಜೆಂಟಾ ಕಂಪನಿಯದು. ಕಂಪನಿಯ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 2017ರಲ್ಲಿ ಅದನ್ನು ಕೊಂಡದ್ದು ಚೀನಾ ಸರ್ಕಾರದ ಒಡೆತನದ ಕೆಮ್‌ಚೈನಾ. ಅಂದರೆ ಅಮೆರಿಕದ ಕಾಯಿ, ಪೋರ್ಚುಗೀಸರ ಹಡಗು, ಸ್ವಿಸ್ ಬೀಜ, ಚೀನಾದ ಮಾಲೀಕ, ಆಂಧ್ರದ ಮಣ್ಣು. ನಮ್ಮದು ಚೀಲದ ಮೇಲಿನ ಹೆಸರು, ಮತ್ತು ಆ ಹೆಸರಿನ ಅಭಿಮಾನ.

ಅದು ಎಷ್ಟು ಕೆಂಪಗಿದೆ ಎಂದು ಹೇಳುವ ಹಕ್ಕಾದರೂ ನಮ್ಮದೇ? ಆ ಅಳತೆಗೆ ಆಸ್ಟಾ ಎನ್ನುತ್ತಾರೆ, ಅಮೆರಿಕದ ಸಾಂಬಾರ ವರ್ತಕರ ಸಂಘದ ಹೆಸರಿನ ಮೊದಲಕ್ಷರಗಳು. ಎಷ್ಟು ಖಾರ ಎಂಬುದಕ್ಕೆ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ 1912ರಲ್ಲಿ ಕೊಟ್ಟ ಲೆಕ್ಕ. ನಮ್ಮ ಅಜ್ಜಿಯರು ಮೂಗಿಗೆ ಹಿಡಿದು, ಬೆರಳಲ್ಲಿ ತಿಕ್ಕಿ ಹೇಳುತ್ತಿದ್ದ ತೀರ್ಪನ್ನು ಈಗ ಪ್ರಯೋಗಾಲಯ ಹೇಳುತ್ತದೆ, ಬಣ್ಣದ ಅಂಕಿ ಮೇಲಿದ್ದರೆ ಓಲಿಯೊರೆಸಿನ್ ಕಾರ್ಖಾನೆಯವರು ಎತ್ತಿಕೊಳ್ಳುತ್ತಾರೆ. ಹಿಂಡಿ ತೆಗೆದ ಬಣ್ಣ ಹೊರದೇಶದ ಮಾಂಸದ ತಿನಿಸಿಗೂ ತುಟಿಯ ರಂಗಿಗೂ ಹೋಗುತ್ತದೆ. ಇಷ್ಟೆಲ್ಲ ಕೈಗಾರಿಕೆಯ ನಡುವೆಯೂ ತೊಟ್ಟು ಬಿಡಿಸುವ ಕೆಲಸ ಮಾತ್ರ ಹೆಂಗಸರ ಬೆರಳಿನಲ್ಲೇ ಉಳಿದಿದೆ. ಬ್ಯಾಡಗಿಯ ಯಾವ ಓಣಿಗೆ ಹೋದರೂ ಮುಖಕ್ಕೆ ಸೆರಗು ಕಟ್ಟಿಕೊಂಡು ಘಾಟಿನಲ್ಲಿ ಕೂತವರು ಕಾಣುತ್ತಾರೆ. ಉಗಿಯಂತ್ರ ಇಂಗ್ಲೆಂಡಿನಲ್ಲಿ ಓಡಲು ಶುರುವಾಗಿ ಮೂರು ಶತಮಾನ ಆಯಿತು, ನಮ್ಮ ಅಕ್ಕನವರ ಹೆಬ್ಬೆರಳಿನ ತನಕ ಇನ್ನೂ ತಲುಪಿಲ್ಲ. ತಲುಪಿದ ದಿನ ಬೆರಳಿಗೆ ಆರಾಮ ಸಿಗುತ್ತದೆ, ಕೂಲಿ ಹೋಗುತ್ತದೆ.

ಬ್ಯಾಡಗಿಗೆ ಕೊಲಂಬಸ್ ಕೊಟ್ಟ ಮೇಲೆ ರಾಣೇಬೆನ್ನೂರಿನವರು ಸುಮ್ಮನಿರುತ್ತಾರೆಯೇ? ಅವರಿಗೂ ಒಂದು ಹೆಸರಿದೆ, ಕೊಲಂಬಸ್‌ಗಿಂತ ದೊಡ್ಡದು. ಮತ್ತು ಈತ ಬಂದದ್ದು ಖರೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಎರಡು ವರ್ಷ ಮುಂಚೆ ಅಲ್ಲಿ ಫ್ರೆಂಚರ ಒಂದು ಸಣ್ಣ ಗುಂಪು ಜಾಕೊಬಿನ್ ಕ್ಲಬ್ ಕಟ್ಟಿ, ಸ್ವಾತಂತ್ರ್ಯದ ಗಿಡ ನೆಟ್ಟು, ರಾಜರೆಲ್ಲ ಸಾಯಲಿ, ಪ್ರಜೆ ಟಿಪ್ಪು ಒಬ್ಬ ಬಾಳಲಿ ಎಂದು ಘೋಷಣೆ ಕೂಗಿತ್ತು. ಸುಲ್ತಾನನಿಗೆ ಪ್ರಜೆ ಎಂಬ ಬಿರುದು ಕೊಟ್ಟ ಕ್ರಾಂತಿ ಬಹುಶಃ ಲೋಕದಲ್ಲಿ ಅದೊಂದೇ. ಕೋಟೆ ಬಿದ್ದ ಗದ್ದಲದಲ್ಲಿ ಟಿಪ್ಪುವಿನ ಸೆರೆಮನೆಯಿಂದ ಹೊರಬಿದ್ದವನು ಚನ್ನಗಿರಿಯ ಧೋಂಡಿಯಾ ವಾಘ್. ಈತ ಹೊರಬಿದ್ದವನೇ ದಂಡು ಕೂಡಿಸಿ, ತುಂಗಭದ್ರೆ ದಾಟಿ, ತನಗೆ ‘ಉಭಯ ಲೋಕಾಧೀಶ್ವರ’ ಎಂದು ಹೆಸರಿಟ್ಟುಕೊಂಡ. ಇಹವೂ ನಂದೇ, ಪರವೂ ನಂದೇ! ಇವತ್ತಿನ ಫ್ಲೆಕ್ಸ್‌ಗಳಲ್ಲಿ ತಾಲ್ಲೂಕು ಪಂಚಾಯಿತಿ ಮಾಜಿ ಸದಸ್ಯರೂ ‘ಬಡವರ ಬಂಧು, ಅಭಿವೃದ್ಧಿಯ ಹರಿಕಾರ’ ಎನ್ನಿಸಿಕೊಳ್ಳುತ್ತಾರೆ, ಆದರೆ ಪರಲೋಕವನ್ನು ತಮ್ಮ ಕ್ಷೇತ್ರಕ್ಕೆ ಸೇರಿಸಿಕೊಳ್ಳುವಷ್ಟು ಧೈರ್ಯ ಯಾರಿಗೂ ಬಂದಿಲ್ಲ.

ಆತನನ್ನು ಅಟ್ಟಿಕೊಂಡು ಹರಿಹರದ ಬಳಿ ಹೊಳೆ ದಾಟಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1800ರ ಜೂನ್ ಕೊನೆಯಲ್ಲಿ ರಾಣೇಬೆನ್ನೂರಿನ ಕೋಟೆ ಹಿಡಿದ, ಜುಲೈಯಲ್ಲಿ ಸವಣೂರಿನಲ್ಲಿ ತಂಗಿದ, ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ ಉಭಯ ಲೋಕಾಧೀಶ್ವರನನ್ನು ಒಂದು ಲೋಕದಿಂದ ಇನ್ನೊಂದಕ್ಕೆ ವರ್ಗ ಮಾಡಿದ. ಹದಿನೈದು ವರ್ಷದ ಮೇಲೆ ಇದೇ ವೆಲ್ಲೆಸ್ಲಿ, ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಮಣಿಸಿದ. ಇಂಗ್ಲಿಷರು ವಾಟರ್ಲೂ ಗೆದ್ದದ್ದು ತಮ್ಮ ಶಾಲೆಗಳ ಆಟದ ಮೈದಾನದಲ್ಲಿ ಎಂದು ಕೊಚ್ಚಿಕೊಳ್ಳುವುದುಂಟು. ಸುಳ್ಳು. ಎರೆಮಣ್ಣಿನ ಮಳೆಗಾಲದಲ್ಲಿ ಎತ್ತಿನ ಬಂಡಿಗೆ ದಾರಿ ಹುಡುಕುವುದು, ದಂಡಿಗೆ ಅಕ್ಕಿ ಹೊಂದಿಸುವುದು, ಓಡುವವನನ್ನು ಓಡಿಸಿಯೇ ದಣಿಸುವುದು, ಇವನ್ನೆಲ್ಲ ಆ ಮನುಷ್ಯ ಕಲಿತದ್ದು ರಾಣೇಬೆನ್ನೂರಿಂದ ಡಂಬಳದ ತನಕದ ಕೆಸರಿನಲ್ಲಿ. ನೆಪೋಲಿಯನ್ನನಿಗೆ ಸೋಲಿನ ಬಿಲ್ಲು ಕಳಿಸಿದ್ದರಲ್ಲಿ ನಮ್ಮ ತಾಲ್ಲೂಕಿನದೂ ಒಂದು ಕಮಿಷನ್ ಬಾಕಿ ಇದೆ, ಇಂದಿಗೂ ಯಾರೂ ಕೇಳಿಲ್ಲ. ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ತಾನೇ ಸಾಕಲು ವ್ಯವಸ್ಥೆ ಮಾಡಿದ ಎಂಬುದನ್ನೂ ಹೇಳಬೇಕು. ಸಾಮ್ರಾಜ್ಯ ಯಾವಾಗಲೂ ಹೀಗೆ: ಅಪ್ಪನನ್ನು ಕೊಂದು ಮಗನ ಶಾಲೆಯ ಫೀ ತುಂಬುತ್ತದೆ, ನಾವು ಫೀ ತುಂಬಿದ್ದಕ್ಕೆ ಕೃತಜ್ಞರಾಗಿರುತ್ತೇವೆ.

ಮೂರನೆಯ ಪುತ್ಥಳಿ ಹತ್ತಿ ಮಾರುಕಟ್ಟೆಗೆ. ಇದಕ್ಕೆ ನನ್ನ ಆಯ್ಕೆ ಅಬ್ರಹಾಂ ಲಿಂಕನ್. ನಗಬೇಡಿ, ಲೆಕ್ಕ ಕೇಳಿ. ನಮ್ಮ ಭಾಗ 1818ರಲ್ಲಿ ಪೇಶ್ವೆಯ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ನಮ್ಮ ಜವಾರಿ ಹತ್ತಿ ರುಚಿಸಲಿಲ್ಲ. ಎಳೆ ಗಿಡ್ಡ, ಕಸ ಜಾಸ್ತಿ ಎಂದರು. 1840ರ ಸುಮಾರಿಗೆ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆಸಿ, ನ್ಯೂ ಓರ್ಲಿಯನ್ಸ್ ಬೀಜವನ್ನು ಧಾರವಾಡ ಸೀಮೆಯಲ್ಲಿ ಹಾಕಿಸಿತು. ಭಾರತದ ಬೇರೆ ಹಲವು ಕಡೆ ಸೊರಗಿದ ಆ ಬೀಜ ಇಲ್ಲಿ ನೆಲ ಹಿಡಿಯಿತು, ‘ಧಾರವಾಡ್ ಅಮೆರಿಕನ್’ ಎಂದು ಲಿವರ್‌ಪೂಲಿನ ಪೇಟೆಯಲ್ಲಿ ಹೆಸರಾಯಿತು. ಅರಳೆ ಬಿಡಿಸಲು ಗರಗಸದ ಹಲ್ಲಿನ ಯಂತ್ರ ಬಂತು. ಅಮೆರಿಕದಲ್ಲಿ ಇದೇ ಯಂತ್ರ 1793ರಲ್ಲಿ ಹುಟ್ಟಿದ ಮೇಲೆ ಹತ್ತಿಯ ಹೊಲ ಹಿಗ್ಗಿ, ಹೊಲದ ಜೊತೆ ಗುಲಾಮಗಿರಿಯೂ ಹಿಗ್ಗಿತ್ತು. ಅಲ್ಲಿ ಯಂತ್ರದ ಹಿಂದೆ ಚಾಟಿ ಇತ್ತು. ಇಲ್ಲಿ ಚಾಟಿಯ ಜಾಗದಲ್ಲಿ ಕಂದಾಯದ ಕಂತು.

1861ರಲ್ಲಿ ಅಮೆರಿಕದಲ್ಲಿ ಅಣ್ಣತಮ್ಮಂದಿರ ಯುದ್ಧ. ಲಿಂಕನ್ನರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತವು. ತಟ್ಟನೆ ಇಂಗ್ಲೆಂಡಿಗೆ ಹಾವೇರಿ, ರಾಣೇಬೆನ್ನೂರು ಎಂಬ ಊರುಗಳು ಭೂಪಟದಲ್ಲಿ ಕಂಡವು. ದರ ಏರಿದ್ದೇ ಏರಿದ್ದು. ಹತ್ತಿಯ ಅಂಡಿಗೆ ಘಟ್ಟ ಇಳಿಸಲು ರಸ್ತೆ ಬೇಕಾಯಿತು, ಕಾರವಾರದಲ್ಲಿ ಬಂದರು ಬೇಕಾಯಿತು. ಆಡಳಿತಕ್ಕೆ ಅನುಕೂಲವಾಗಲೆಂದು 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಕಟ್ಟಿದರು. ಕನ್ನಡಿಗರು ಒಂದಾಗಬೇಕು ಎಂದು ನಾವು ಸಭೆ ಮಾಡಿ, ಠರಾವು ಬರೆದು, ಉಪವಾಸ ಕೂತು 1956ರ ತನಕ ಕಾದೆವು. ಒಂದು ಜಿಲ್ಲೆಯನ್ನು ಎತ್ತಿ ಆಚೆ ಇಡಲು ಮ್ಯಾಂಚೆಸ್ಟರಿನ ವರ್ತಕರಿಗೆ ಹತ್ತಿಯ ಅವಸರ ಒಂದೇ ಸಾಕಾಯಿತು. ಜಿಲ್ಲೆ ಎತ್ತಿಟ್ಟ ಮರುವರ್ಷ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆಯುವ ಕಾಯ್ದೆ ತಂದಿತು: ಅರಳೆಯಲ್ಲಿ ಕಸ, ಬೀಜ ಬೆರೆಸುವ ದೇಶಿ ವ್ಯಾಪಾರಿಗೆ ಶಿಕ್ಷೆ. ಪ್ಲಾಸಿಯಿಂದ ಧಾರವಾಡದ ತನಕ ಬಂದ ದಾರಿಯಲ್ಲಿ ಕಂಪನಿಯವರು ಏನೇನು ಬೆರೆಸಿದ್ದರು ಎಂಬುದಕ್ಕೆ ಯಾವ ಕಾಯ್ದೆಯೂ ಬರಲಿಲ್ಲ.

1865ರಲ್ಲಿ ಯುದ್ಧ ಮುಗಿಯಿತು, ಗುಲಾಮರು ಬಿಡುಗಡೆಯಾದರು, ಹತ್ತಿಯ ದರ ಕುಸಿಯಿತು. ಗುಲಾಮಗಿರಿ ಹೋಗಿದ್ದಕ್ಕೆ ಸಂತೋಷಪಡಬೇಕಾದವನು ನಮ್ಮ ಹತ್ತಿ ಬೆಳೆಗಾರ, ಆದರೆ ಅವನ ಕೈಯಲ್ಲಿ ಸಾಹುಕಾರನ ಸಾಲದ ಪತ್ರ. ಪುಣೆ, ಅಹ್ಮದನಗರದ ಕಡೆ 1875ರಲ್ಲಿ ರೈತರು ಅಂಥ ಪತ್ರಗಳನ್ನು ಸಾಹುಕಾರರ ಮನೆಯಿಂದ ಕಸಿದು ಬೆಂಕಿಗೆ ಹಾಕಿದರು. ಮರುವರ್ಷ ಬರ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವಿಕ್ಟೋರಿಯಾ ಚಕ್ರವರ್ತಿನಿಯ ದರ್ಬಾರು ನಡೆಸುವಾಗ ದಖ್ಖಣದಲ್ಲಿ ಜನ ಹಸಿವಿನಿಂದ ರಸ್ತೆ ಬದಿಗೆ ಬೀಳುತ್ತಿದ್ದರು. ಬರ ನೋಡಿದ ಸರ್ಕಾರಕ್ಕೆ ರೈಲು ಬೇಕೆಂಬ ಬುದ್ಧಿ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಆ ದಶಕದಲ್ಲೇ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಹಾಯ್ದು ಹರಿಹರದ ತನಕ ಹಳಿ ಬಿತ್ತು. ಬರಕ್ಕೆ ಕಾಳು ತರಲು ಹಾಕಿದ ಹಳಿ ಸುಗ್ಗಿಗೆ ಕಾಳು ಒಯ್ಯಲೂ ಬರುತ್ತದೆ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೀಗಾಗಿ ಲಿಂಕನ್. ಹಾವೇರಿ ಸೀಮೆಯ ಹತ್ತಿಗೆ ಲಿಂಕನ್ನರು ಕೊಡಿಸಿದಂಥ ದರ ಯಾವ ಕೃಷಿ ಮಂತ್ರಿಯೂ ಕೊಡಿಸಿಲ್ಲ. ಆತ ಕೊಡಿಸಲು ಹೊರಟಿರಲಿಲ್ಲ ಎಂಬುದು ಬೇರೆ ಮಾತು, ಕೃಷಿ ಮಂತ್ರಿಗಳೂ ಹೊರಟಿರುವುದಿಲ್ಲ.

ಹತ್ತಿಯ ಕತೆಗೆ ಒಂದು ಬಾಲವಿದೆ. 1972ರಲ್ಲಿ ಧಾರವಾಡದ ಕೃಷಿ ವಿಜ್ಞಾನಿ ಬಿ. ಎಚ್. ಕಟರಕಿ ‘ವರಲಕ್ಷ್ಮಿ’ ಎಂಬ ಸಂಕರ ಹತ್ತಿ ಬಿಡುಗಡೆ ಮಾಡಿದರು. ಅದರ ಬೀಜೋತ್ಪಾದನೆಯಿಂದ ರಾಣೇಬೆನ್ನೂರು ಸೀಮೆಯ ನಸೀಬೇ ತಿರುಗಿತು, ಇವತ್ತಿಗೂ ಬೀಜದ ವ್ಯಾಪಾರ ಎಂದರೆ ರಾಣೇಬೆನ್ನೂರು. ಪೂಜೆಗೆ ಕೂರಿಸುವಂಥ ಹೆಸರು. ಆದರೆ ವಧೂವರರ ಮನೆತನ ವಿಚಾರಿಸಿದರೆ ಒಂದು ಕಡೆಯದು ಮೆಕ್ಸಿಕೋ ಮೂಲದ ಜಾತಿ, ಇನ್ನೊಂದು ಕಡೆಯದು ದಕ್ಷಿಣ ಅಮೆರಿಕ ಮೂಲದ್ದು. ಎರಡೂ ಕಡೆಯವರು ಹಡಗಿನವರೇ. ಕಟರಕಿಯವರ ಬಗ್ಗೆ ನನಗಿರುವುದು ಶುದ್ಧ ಗೌರವ. ನಾನು ನಗುತ್ತಿರುವುದು ಶುದ್ಧತೆಯ ಬಗ್ಗೆ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೆ ಲಕ್ಷ್ಮಿ ಬೇರೆ ಮನೆ ಹಿಡಿದಳು, ವಂಶವಾಹಿಯ ರಾಜಧನ ಮಾನ್ಸಾಂಟೋಗೆ ಹೋಯಿತು. ಹಿಂದೆ ಹತ್ತಿಯನ್ನು ಒಯ್ಯಲು ಹಡಗು, ದಂಡು, ಕಲೆಕ್ಟರ್ ಎಲ್ಲ ಬೇಕಿತ್ತು. ಈಗ ಬೀಜದ ಪಾಕೀಟಿನಲ್ಲೇ ಎಲ್ಲ ಅಡಕ.

ಹಾಗಾದರೆ ಈ ನೆಲದವರು ಸುಮ್ಮನೆ ಕೈ ಕಟ್ಟಿ ನಿಂತಿದ್ದರೇ? ಇಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯ ದಂಡಿ ಯಾತ್ರೆಯ ತಂಡದಲ್ಲಿ ನಡೆದವನು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರನ ಗುಡಿಯಲ್ಲಿ ಸರ್ಕಾರ ಕೂಡಿಟ್ಟಿದ್ದ ಕಂದಾಯದ ಹಣಕ್ಕೆ ಕೈ ಹಾಕಿ, ಇಬ್ಬರು ಸಂಗಾತಿಗಳ ಜೊತೆ ಪೊಲೀಸರ ಗುಂಡಿಗೆ ಬಿದ್ದ. ಆತನ ವಿಷಯದಲ್ಲಿ ನನ್ನ ಲೇಖನಿಗೆ ತಮಾಷೆ ಹೊಳೆಯುವುದಿಲ್ಲ. ತಮಾಷೆ ಇರುವುದು ಆಮೇಲೆ. ಸ್ವತಂತ್ರ ದೇಶದಲ್ಲಿ, ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದ ಸರ್ಕಾರಕ್ಕೆ ಇನ್ನೂ ಎರಡು ವಾರ ತುಂಬಿರಲಿಲ್ಲ, 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಗುಂಡಿನ ಮಾಲೀಕ ಬದಲಾಗಿದ್ದ, ನೆಲ ಅದೇ.

ಹಾನಗಲ್ ತಾಲ್ಲೂಕಿನ ಕುಸನೂರಿನದು ಇದಕ್ಕಿಂತ ಚೊಕ್ಕ ಕತೆ, ಮತ್ತು ನನಗೆ ಬಹಳ ಇಷ್ಟವಾದದ್ದು. ತುಂಗಭದ್ರೆಯ ದಂಡೆಯ ಮೇಲೆ, ರಾಣೇಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಮರ ಅರೆದು ನೂಲಿಗೆ ತಿಳ್ಳು ಮಾಡುವ ಕಾರ್ಖಾನೆ. ಹತ್ತಿಯನ್ನು ನೂರು ವರ್ಷ ಹಡಗಿಗೆ ಹೇರಿದ ಸೀಮೆಯಲ್ಲಿ ಮರದಿಂದ ಅರಿವೆ. ಅದರ ಹೊಟ್ಟೆಗೆ ನೀಲಗಿರಿ ಗಿಡ ಬೇಕು. ಕ್ಯಾಪ್ಟನ್ ಕುಕ್ 1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ದಂಡೆ ಮುಟ್ಟಿದ ಮೇಲೆ ಹೊರಲೋಕಕ್ಕೆ ಪರಿಚಯವಾದ ಗಿಡ, ಟಿಪ್ಪು ಅದನ್ನು ನಂದಿಬೆಟ್ಟದಲ್ಲಿ ನೆಡಿಸಿದ ಎನ್ನುತ್ತಾರೆ. 1980ರ ದಶಕದಲ್ಲಿ ರಾಜ್ಯ ಸರ್ಕಾರವೂ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಹಳ್ಳಿಗರು ದನ ಮೇಯಿಸುತ್ತಿದ್ದ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯನ್ನು ಅದಕ್ಕೆ ಗುತ್ತಿಗೆ ಕೊಡಲು ಹೊರಟವು. ಗುತ್ತಿಗೆಯ ದರ ಎಕರೆಗೆ ವರ್ಷಕ್ಕೆ 1 ರೂಪಾಯಿ. ಮ್ಯಾಂಚೆಸ್ಟರಿನವರು ಇದನ್ನು ನೋಡಿದ್ದರೆ ನಾಚಿ, ನಾವು ಬಹಳ ಜಾಸ್ತಿ ಕೊಟ್ಟೆವೋ ಏನೋ ಎಂದುಕೊಳ್ಳುತ್ತಿದ್ದರು.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕರೆ ಕೊಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ: ನೀಲಗಿರಿ ಸಸಿ ಕಿತ್ತರು, ಆ ಕುಣಿಯಲ್ಲೇ ತಮಗೆ ಉಪಯೋಗದ ಗಿಡ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನಲ್ಲಿ ಅರ್ಜಿದಾರರು. 1991ರಲ್ಲಿ ಆ ಕಂಪನಿಯನ್ನು ಸರ್ಕಾರವೇ ಮುಚ್ಚಿತು. ಬಾಸ್ತೀಲ್ ಕೋಟೆ ಒಡೆದದ್ದನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಐದು ಅಂಕಕ್ಕೆ ಬರೆಯುತ್ತಾರೆ, ಕುಸನೂರಿಗೆ ಅರ್ಧ ಅಂಕವೂ ಇಲ್ಲ. ಗೆದ್ದ ಬಂಡಾಯವನ್ನು ಪಠ್ಯಕ್ಕೆ ಹಾಕಿದರೆ ಮಕ್ಕಳು ಕಲಿತುಬಿಡುತ್ತಾರೆ ಎಂಬ ಹೆದರಿಕೆ ಇರಬೇಕು.

ಬಾಸ್ತೀಲ್ ಎಂದರೆ ನೆನಪಾಗುವುದು 2024ರ ಮಾರ್ಚ್ 11. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರಿನ ದಿನ. ಆ ಸೋಮವಾರ ಲಕ್ಷಗಟ್ಟಲೆ ಚೀಲ ಬಂದಿತ್ತು, ದರ ಒಮ್ಮೆಲೆ ಕೆಳಗಿಳಿಯಿತು. ರಾತ್ರಿಯೆಲ್ಲ ಲಾರಿಯಲ್ಲಿ ಚೀಲದ ಮೇಲೆ ಮಲಗಿ ಬಂದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಪುಡಿಯಾಯಿತು, ವಾಹನಗಳು ಹೊತ್ತಿದವು, ಬೆಂಕಿ ಆರಿಸಲು ಬಂದ ಬಂಡಿಯನ್ನೂ ಬಿಡಲಿಲ್ಲ. 1789ರ ಪ್ಯಾರಿಸ್ಸಿನವರು ದಂಗೆ ಎದ್ದದ್ದು ಬ್ರೆಡ್ಡು ತುಟ್ಟಿಯಾಗಿ, ಬ್ಯಾಡಗಿಯಲ್ಲಿ ಬೆಂಕಿ ಬಿದ್ದದ್ದು ಕಾಯಿ ಸೋವಿಯಾಗಿ. ಅಲ್ಲಿ ಕೊಳ್ಳುವವನ ಸಿಟ್ಟು, ಇಲ್ಲಿ ಬೆಳೆದವನದು. ಮರುದಿನ ಪತ್ರಿಕೆಗಳಲ್ಲಿ ಶಾಂತಿ ಕಾಪಾಡಿ ಎಂಬ ಮನವಿ ಬಂತು, ಪೊಲೀಸರು ಮೊಬೈಲ್ ವಿಡಿಯೊ ನೋಡಿ ಮುಖ ಗುರುತಿಸಿದರು. ದರ ಇಳಿಸಿದವರ ಮುಖ ಯಾವ ವಿಡಿಯೊದಲ್ಲೂ ಇರಲಿಲ್ಲ. ಅದು ಇರುವುದೂ ಇಲ್ಲ: 1865ರಲ್ಲಿ ಲಿವರ್‌ಪೂಲಿನಲ್ಲಿತ್ತು, ಈಗ ಕಂಪ್ಯೂಟರ್ ಪರದೆಯ ಆಚೆ ಇದೆ. ಶೀತಲಗೃಹದಲ್ಲಿ ಹಿಂದಿನ ವರ್ಷದ ಎಷ್ಟು ಮಾಲು ಇದೆ, ಯಾವ ದೇಶಕ್ಕೆ ರಫ್ತು ನಿಂತಿದೆ ಎಂದು ಖರೀದಿದಾರನಿಗೆ ಗೊತ್ತು. ರೈತನಿಗೆ ಗೊತ್ತಿರುವುದು ಲಾರಿ ಬಾಡಿಗೆ, ಔಷಧದ ಅಂಗಡಿಯ ಉದ್ರಿ, ಹಮಾಲಿ.

ಬೆಂಬಲ ಬೆಲೆ ಎಂಬುದೊಂದು ಇದೆಯಲ್ಲ ಎನ್ನುತ್ತೀರಿ. ಕೇಂದ್ರ ಸರ್ಕಾರ ವರ್ಷವರ್ಷ ಸಾರುವ ಆ ಪಟ್ಟಿಯಲ್ಲಿ ಹತ್ತಿ ಇದೆ, ಶೇಂಗಾ ಇದೆ, ಗೋವಿನಜೋಳವೂ ಇದೆ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಖರೀದಿ ಕೇಂದ್ರ ತೆರೆಯುವುದಿಲ್ಲ, ಅದಕ್ಕೆ ರೈತರು ಪ್ರತಿ ಸುಗ್ಗಿಗೂ ಹೆದ್ದಾರಿಗೆ ಇಳಿಯಬೇಕು. 2025ರ ಫೆಬ್ರುವರಿಯಲ್ಲಿ ಆಂಧ್ರದ ಮೆಣಸಿನಕಾಯಿ ಕುಸಿದಾಗ, ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 11,781 ರೂಪಾಯಿ ದರ ಗೊತ್ತು ಮಾಡಿದ್ದರು, ಆ ಒಂದು ಹಂಗಾಮಿನ ಮಟ್ಟಿಗೆ. ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೆಣಸಿನಕಾಯಿ ಇಲ್ಲ.